ಅಪ್ಪನ ಮಳೆ ಪುಸ್ತಕಕ್ಕೆ ಪದವರ್ಗದ ಟ್ಯಾಗ್: ಟರ್ಮಿನಲ್‌ನಲ್ಲಿ ಯುಡಿಪೈಪ್ ಬಳಸುವ ಬಗೆ

ನಮ್ಮಪ್ಪ 1979ರಿಂದ 2003ರವರೆಗೆ ಮಳೆಯ ಲೆಕ್ಕ ಬರೆದಿಟ್ಟಿದ್ದರು. ರಾಣೆಬೆನ್ನೂರಿನ ಹತ್ತಿರ ನಮ್ಮದು ಆರು ಎಕರೆ ಎರೆ ಹೊಲ. ಉದ್ದನೆಯ ಲೆಕ್ಕದ ಪುಸ್ತಕಗಳು, ಒಟ್ಟು 19. ಬರೆದ ದಿನ ಎರಡೋ ಮೂರೋ ವಾಕ್ಯ, ಅಷ್ಟೇ. "ಮಿರಗದ ಮಳಿ ಛಲೋ ಆತು. ನಾಳೆ ಶೇಂಗಾ ಬಿತ್ತಬೇಕು." ಹೀಗೆ.

ಅವರು ಹೋದ ಮೇಲೆ ಅವನ್ನೆಲ್ಲ ಟೈಪ್ ಮಾಡಿಸಿ ಇಟ್ಟೆ. ಒಂದು ದಿನ ಅವ್ವ ಹೇಳಿದಳು: "ನಿಮ್ಮಪ್ಪ ಮಳಿ ಬಂತು ಅಂತ ಎಂದೂ ಅಂತಿದ್ದಿಲ್ಲ. ಆತು ಅಂತಿದ್ರು." ಹೌದಾ? ಹಾಗಾದರೆ ಅಪ್ಪ ಮಳೆಯ ಬಗ್ಗೆ ಯಾವ ಯಾವ ಕ್ರಿಯಾಪದ ಬಳಸಿದ್ದಾರೆ, ಯಾವುದು ಎಷ್ಟು ಸಲ? ಇದನ್ನು ತಿಳಿಯಬೇಕು ಅನ್ನಿಸಿತು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಆದರೂ ಏಳು ಸಾವಿರ ವಾಕ್ಯಗಳನ್ನು ಕೈಯಲ್ಲಿ ಎಣಿಸಲು ಆಗುವುದಿಲ್ಲ, ಅಲ್ವಾ?

ಸುಮ್ನೆ "ಮಳೆ" ಅಂತ ಹುಡುಕಿದರೆ ಏನೂ ಸಿಗಲಿಲ್ಲ. ಅಪ್ಪ ಬರೆದಿದ್ದು "ಮಳಿ". "ಮಳಿ" ಅಂತ ಹುಡುಕಿದರೆ "ಮಳಿಗೆ" ಕೂಡ ಬಂತು. ಅದರಲ್ಲಿ ಕೆಲವು "ಮಳಿಗೆ ಹೆದರಿ ಬಂದಿವಿ" ಅನ್ನುವ ಮಳಿಗೆ. ಕೆಲವು ಎಪಿಎಂಸಿಯ ಮಳಿಗೆ, ಅಂದರೆ ಅಂಗಡಿ. ಅಕ್ಷರ ಹುಡುಕುವುದರಿಂದ ಈ ಕೆಲಸ ಆಗದು. ಪ್ರತಿ ಪದಕ್ಕೂ ಎರಡು ವಿಷಯ ಬೇಕು: ಅದು ನಾಮಪದವೋ ಕ್ರಿಯಾಪದವೋ ಅನ್ನುವ ಟ್ಯಾಗ್, ಮತ್ತು ಅದರ ಮೂಲ ರೂಪ. ಇವೆರಡನ್ನೂ ಹಾಕಿಕೊಡುವ ಒಂದು ಉಚಿತ ಟೂಲ್ ಇದೆ. ಹೆಸರು ಯುಡಿಪೈಪ್. ಅದನ್ನು ನಾನು ಹೇಗೆ ಬಳಸಿದೆ ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಿಮ್ಮ ಹತ್ತಿರ ಅಜ್ಜಿಯ ಹಾಡುಗಳಿರಬಹುದು, ಊರಿನ ಗಾದೆಗಳಿರಬಹುದು, ಹಳೆಯ ಕಾಗದಗಳಿರಬಹುದು. ದಾರಿ ಒಂದೇ.

ಒಂದು ಮಾತು ಮೊದಲೇ ಹೇಳುತ್ತೇನೆ. ಕಮಾಂಡ್‌ಗಳನ್ನು ನಾನು ಕನ್ನಡ ಅಕ್ಷರದಲ್ಲಿ, ಫೋನಿನಲ್ಲಿ ಓದಿ ಹೇಳುವ ಹಾಗೆ ಬರೆದಿದ್ದೇನೆ. ನಾನು ಕಲಿತದ್ದೂ ಹಾಗೆಯೇ. ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರು ಫೋನಿನಲ್ಲಿ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಟರ್ಮಿನಲ್‌ನಲ್ಲಿ (ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ) ಇವನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹೊಡೆಯಬೇಕು. ಫೈಲಿನ ಹೆಸರು ಮಾತ್ರ ಕನ್ನಡದಲ್ಲೇ ಇರಬಹುದು, ಲಿನಕ್ಸ್ ಏನೂ ತಕರಾರು ಮಾಡುವುದಿಲ್ಲ. ನಾನು "ಕಲಿಕೆ", "ಪರೀಕ್ಷೆ" ಅಂತಲೇ ಇಟ್ಟಿದ್ದೇನೆ.

ಟೂಲ್ ಇಳಿಸಿಕೊಳ್ಳುವುದು

ಯುಡಿಪೈಪ್ ಮಾಡಿದ್ದು ಪ್ರಾಗ್ ನಗರದ ಚಾರ್ಲ್ಸ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನ ವಿಭಾಗದವರು. ಎರಡು ಪೀಳಿಗೆ ಇದೆ. ಎರಡನೆಯದು ನ್ಯೂರಲ್ ನೆಟ್‌ವರ್ಕ್ ಮೇಲೆ ನಡೆಯುತ್ತದೆ, ಅದಕ್ಕೆ ದೊಡ್ಡ ಮೆಷಿನ್ ಇದ್ದರೆ ಒಳ್ಳೆಯದು. ನಮಗೆ ಬೇಕಾದದ್ದು ಮೊದಲನೆಯದು. ಗಿಟ್‌ಹಬ್‌ನಲ್ಲಿ (ಪ್ರೋಗ್ರಾಂಗಳನ್ನು ಹಂಚಿಕೊಳ್ಳುವ ಜಾಲತಾಣ) 1.2.0 ಅನ್ನುವ ಆವೃತ್ತಿ ಜಿಪ್ ಫೈಲಾಗಿ ಸಿಗುತ್ತದೆ. ಬಿಚ್ಚಿದರೆ ಒಳಗೆ ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರಕ್ಕೂ ಬೇರೆ ಬೇರೆ ಫೋಲ್ಡರ್. ನಿಮ್ಮದರಲ್ಲಿರುವ ಯುಡಿಪೈಪ್ ಅನ್ನುವ ಒಂದೇ ಫೈಲ್ ಸಾಕು. ಅದನ್ನು ಕೆಲಸದ ಫೋಲ್ಡರಿಗೆ ನಕಲು ಮಾಡಿಕೊಳ್ಳಿ. ನನ್ನದು 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಆರಾಮಾಗಿ ಓಡಿತು.

ಟೂಲ್ ಬರೀ ಎಂಜಿನ್. ಅದಕ್ಕೆ ಒಂದು ಭಾಷೆ ಕಲಿಸಿದ ಫೈಲ್ ಬೇಕು, ಅದನ್ನು ಮಾಡೆಲ್ ಅನ್ನುತ್ತಾರೆ. ಬೇರೆ ಬೇರೆ ಭಾಷೆಗಳ ಮಾಡೆಲ್‌ಗಳನ್ನು ಅವರೇ ಕೊಡುತ್ತಾರೆ. ನಾನು ಇಳಿಸಿಕೊಂಡ 2.5 ಅನ್ನುವ ಕಂತೆಯಲ್ಲಿ ತಮಿಳು, ತೆಲುಗು, ಮರಾಠಿ, ಹಿಂದಿ ಇದ್ದವು. ಕನ್ನಡ ಇರಲಿಲ್ಲ. ಅವತ್ತು ತುಂಬಾ ಬೇಜಾರಾಯಿತು. ಆದರೆ ತಮಿಳಿನ ಟಿಟಿಬಿ ಅನ್ನುವ ಮಾಡೆಲ್ ಯಾವುದರ ಮೇಲೆ ಕಲಿತಿದೆ ಅಂತ ನೋಡಿದಾಗ ಧೈರ್ಯ ಬಂತು. ಆ ಸಂಗ್ರಹದಲ್ಲಿ ಇರುವುದು 600 ವಾಕ್ಯ. ಆರು ನೂರು! ಒಂದು ಬೇಸಿಗೆ ರಜೆಯಲ್ಲಿ ಒಬ್ಬಳೇ ಕೂತು ಅಷ್ಟಕ್ಕೆ ಟ್ಯಾಗ್ ಹಾಕಬಹುದಲ್ಲ ಅನ್ನಿಸಿತು.

ಕನ್ನಡಕ್ಕೆ ಯಾರೂ ಏನೂ ಮಾಡಿಲ್ಲ ಅಂತ ಅಲ್ಲ. 2011ರಲ್ಲೇ ಶಿವ ರೆಡ್ಡಿ ಮತ್ತು ಸರ್ಜ್ ಶಾರೋಫ್ ಅನ್ನುವ ಸಂಶೋಧಕರು ತೆಲುಗಿನ ಸಾಮಗ್ರಿಯನ್ನು ಆಧಾರ ಮಾಡಿಕೊಂಡು ಕನ್ನಡಕ್ಕೆ ಒಂದು ಟ್ಯಾಗರ್, ಅಂದರೆ ಟ್ಯಾಗ್ ಹಾಕುವ ಟೂಲ್, ಕಟ್ಟಿದ್ದರು. ಅಕ್ಕತಂಗಿ ಭಾಷೆಗಳು, ವ್ಯಾಕರಣದ ಕಟ್ಟು ಹತ್ತಿರ, ಹಾಗಾಗಿ ಅದು ಸಾಧ್ಯವಾಯಿತು. ಆದರೆ ಅಪ್ಪನ ಕನ್ನಡದಲ್ಲಿ "ಆತು", "ಬಿತ್ತಿದಿವಿ", "ಹೊಲದಾಗ" ಇವೆ. ಪತ್ರಿಕೆಯ ಕನ್ನಡ ಕಲಿತ ಯಾವ ಟೂಲಿಗೂ ಇವು ಹೊಸ ಪದಗಳೇ. ಅದಕ್ಕೇ ನನ್ನ ಸಲಹೆ ಇಷ್ಟು: ನಿಮ್ಮ ಬರಹದಲ್ಲೇ ಒಂದಷ್ಟು ವಾಕ್ಯಕ್ಕೆ ನೀವೇ ಟ್ಯಾಗ್ ಹಾಕಿ, ಅದನ್ನೇ ಟೂಲಿಗೆ ಕಲಿಸಿ, ಉಳಿದದ್ದನ್ನು ಅದರ ಕೈಲಿ ಮಾಡಿಸಿ.

ಬರಹವನ್ನು ಹಸನು ಮಾಡುವುದು

ಬಿತ್ತುವ ಮುಂಚೆ ಹೊಲ ಹರಗುವ ಹಾಗೆ ಇದು. ಬಿಟ್ಟರೆ ಮುಂದೆ ಎಲ್ಲ ಕಡೆ ಕಳೆ.

ಮೊದಲು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರಸಂಕೇತ. ಮೊದಲ ಮೂರು ಪುಸ್ತಕಗಳನ್ನು ನಾನು ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದೆ. ಅದು ಹಳೆಯ ನುಡಿ ಫಾಂಟಿನಲ್ಲಿತ್ತು. ಟರ್ಮಿನಲ್‌ನಲ್ಲಿ ತೆಗೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಇಂಥದ್ದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬೇಕು. ಆಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. "ಸೂರ್ಯ", "ವರ್ಷ" ಇಂಥವು ಪರಿವರ್ತನೆಯಲ್ಲಿ ಕೆಡುವುದು ಜಾಸ್ತಿ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದೇ ಇಲ್ಲ. "ಹೊಲ" ಅನ್ನುವಲ್ಲಿರುವ ಒತ್ವದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಸೇರಿಸಿ ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ "ಹೊಲ" ಅಂತಲೇ ಕಾಣುತ್ತವೆ. ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ ಪದ. ಎಲ್ಲವನ್ನೂ ಒಂದೇ ಬಗೆಗೆ ತರಲು ಯುಕಾನ್ವ್ ಅನ್ನುವ ಚಿಕ್ಕ ಟೂಲ್ ಇದೆ:

ಯುಕಾನ್ವ್ -ಎಕ್ಸ್ ಎನಿ-ಎನ್‌ಎಫ್‌ಸಿ ಕಚ್ಚಾ > ಶುದ್ಧ

ಅರ್ಧಾಕ್ಷರ ಕೂಡದ ಹಾಗೆ ತಡೆಯುವ ಕಾಣದ ಅಕ್ಷರವೂ ಹೀಗೇ. "ಜೂನ್‌ಗೆ" ಅನ್ನುವುದರಲ್ಲಿ ಅದು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಎರಡು ಪದ ಆಗುತ್ತದೆ. ಎಲ್ಲ ಕಡೆ ಒಂದೇ ಥರ ಇರಲಿ.

ಆಮೇಲೆ ಒಂದು ಸಾಲಿಗೆ ಒಂದು ವಾಕ್ಯ. ಪದಗಳ ನಡುವೆ ಒಂದು ಸ್ಪೇಸ್. ಪೂರ್ಣವಿರಾಮ, ಅಲ್ಪವಿರಾಮಗಳಿಗೂ ಮುಂದೆ ಒಂದು ಸ್ಪೇಸ್ ಕೊಟ್ಟು ಬಿಡಿಸಿಡಿ, ಯಾಕೆಂದರೆ ಅವೂ ಒಂದೊಂದು ಪದದ ಲೆಕ್ಕ. ಎಡಿಟರಿನ ಹುಡುಕಿ-ಬದಲಿಸಿ ಸೌಲಭ್ಯದಲ್ಲೇ ಇದನ್ನು ಮಾಡಬಹುದು. "2.5 ಇಂಚು" ಅನ್ನುವಲ್ಲಿನ ಚುಕ್ಕಿಯನ್ನು ಬಿಡಿಸಬೇಡಿ.

ಸಂಧಿಯ ವಿಷಯ ಮಾತ್ರ ನೀವೇ ತೀರ್ಮಾನಿಸಬೇಕು. ಅಪ್ಪ ಒಮ್ಮೆ "ಮಳಿ ಆತು" ಅಂತ, ಇನ್ನೊಮ್ಮೆ "ಮಳಿಯಾತು" ಅಂತ ಬರೆದಿದ್ದಾರೆ. ಕೂಡಿ ಬರೆದದ್ದಕ್ಕೆ ಯಾವ ಟ್ಯಾಗ್ ಹಾಕುವುದು? ಒಳಗೆ ನಾಮಪದವೂ ಇದೆ, ಕ್ರಿಯಾಪದವೂ ಇದೆ. ನನಗೆ ಬೇಕಾದದ್ದೇ ಆ ಜೋಡಿ. ಹಾಗಾಗಿ ಮಳೆ ಸೇರಿದ ಸಂಧಿಪದಗಳನ್ನೆಲ್ಲ ಮೊದಲೇ ಬಿಡಿಸಿಟ್ಟೆ. ಬೇರೆ ಸಂಧಿಗಳನ್ನು ಮುಟ್ಟಲಿಲ್ಲ. ಎಲ್ಲವನ್ನೂ ಬಿಡಿಸುತ್ತಾ ಕೂತರೆ ರಜೆ ಮುಗಿದೇ ಹೋಗುತ್ತದೆ.

ಟ್ಯಾಗ್ ಹಾಕುವುದು

ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ವ್ಯಾಕರಣ ಕಲಿಸಲು ಶುರು ಮಾಡಿ ಇಪ್ಪತ್ತು ವರ್ಷವಾಗಿತ್ತು. ಆದರೂ ಇಷ್ಟು ಗಮನ ಕೊಟ್ಟು ಕನ್ನಡ ವಾಕ್ಯ ನೋಡಿರಲಿಲ್ಲ.

ಯುಡಿಪೈಪ್ ಬಳಸುವ ಪದವರ್ಗಗಳು 17. ಎಲ್ಲ ಭಾಷೆಗೂ ಅವೇ. ನೌನ್ ಅಂದರೆ ನಾಮಪದ, ಪ್ರೊಪ್‌ಎನ್ ಅಂದರೆ ಅಂಕಿತನಾಮ, ವರ್ಬ್ ಅಂದರೆ ಕ್ರಿಯಾಪದ, ಆಕ್ಸ್ ಅಂದರೆ ಸಹಾಯಕ ಕ್ರಿಯಾಪದ, ಎಡಿಜೆ ಗುಣವಾಚಕ, ಎಡಿವಿ ಕ್ರಿಯಾವಿಶೇಷಣ, ಪ್ರಾನ್ ಸರ್ವನಾಮ, ಡೆಟ್ ಅಂದರೆ "ಆ", "ಈ" ಥರದವು, ಎಡಿಪಿ ಅಂದರೆ "ಮೇಲೆ", "ಕೆಳಗೆ" ಥರ ನಾಮಪದದ ಹಿಂದೆ ಬಂದು ನಿಲ್ಲುವವು, ನಮ್ ಸಂಖ್ಯೆ, ಪಂಕ್ಟ್ ವಿರಾಮ ಚಿಹ್ನೆ. ಫೈಲಿನಲ್ಲಿ ಇವನ್ನೆಲ್ಲ ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಬರೆಯಬೇಕು.

ನಮ್ಮ ಶಾಲೆಯ ವ್ಯಾಕರಣದಲ್ಲಿ ನಾಮಪದ, ಕ್ರಿಯಾಪದ, ಅವ್ಯಯ ಅಂತ ಮುಗಿಸುತ್ತೇವೆ. ಇಲ್ಲಿ ಹಾಗೆ ಆಗುವುದಿಲ್ಲ. ಒಂದೊಂದು ಪದವೂ ಪ್ರಶ್ನೆ ಕೇಳುತ್ತದೆ.

"ಎತ್ತು" ತಗೊಳ್ಳಿ. "ಎತ್ತು ಕುಂಟಿ ಎಳಿಲಿಲ್ಲ" ಅನ್ನುವಾಗ ಅದು ಪ್ರಾಣಿ, ನೌನ್. "ಮೂಟೆ ಎತ್ತು ಅಂದೆ" ಅನ್ನುವಾಗ ವರ್ಬ್. "ಬೆಳಿ" ಹೊಲದಲ್ಲಿ ನಿಂತಿದ್ದರೆ ನೌನ್, "ಬೆಳಿತು" ಅಂದರೆ ವರ್ಬ್. ಇವು ಸುಲಭ, ಪಕ್ಕದ ಪದ ನೋಡಿದರೆ ಟೂಲಿಗೂ ತಿಳಿಯುತ್ತದೆ.

"ಬಿತ್ತು" ಹಾಗಲ್ಲ. "ಮಳಿ ಬಿತ್ತು" ಅಂದರೆ ಬೀಳು ಧಾತುವಿನ ಭೂತಕಾಲ. "ಜೋಳ ಬಿತ್ತು ಅಂದ್ರು" ಅಂದರೆ ಬಿತ್ತನೆಯ ಬಿತ್ತು. ಎರಡೂ ವರ್ಬ್. ಟ್ಯಾಗ್ ಒಂದೇ ಇದ್ದರೆ ವ್ಯತ್ಯಾಸ ತಿಳಿಯುವುದು ಮೂಲ ರೂಪದ ಕಾಲಂನಲ್ಲಿ (ಫೈಲಿನ ಕಾಲಂಗಳ ವಿವರ ಮುಂದೆ ಇದೆ). ಮೊದಲನೆಯದಕ್ಕೆ "ಬೀಳು", ಎರಡನೆಯದಕ್ಕೆ "ಬಿತ್ತು". ರೈತನ ದಿನಚರಿಯಲ್ಲಿ ಎರಡೂ ಒಂದೇ ಪುಟದಲ್ಲಿ ಬರುತ್ತವೆ, ಅದೂ ಜೂನ್ ತಿಂಗಳಲ್ಲಿ. ಮೂಲ ರೂಪದ ಕಾಲಂ ಬೇಡ, ಟ್ಯಾಗ್ ಸಾಕು ಅಂತ ಬಿಡಬೇಡಿ. ನನ್ನ ಕೆಲಸದ ಅರ್ಧ ಜೀವ ಅದರಲ್ಲೇ ಇತ್ತು. ಮಳಿ, ಮಳೀಗೆ, ಮಳಿಯಾಗ, ಎಲ್ಲಕ್ಕೂ ಮೂಲ ರೂಪ "ಮಳೆ" ಅಂತ ಕೊಟ್ಟೆ. ಅಪ್ಪನ ಮಾತು ಎರಡನೇ ಕಾಲಂನಲ್ಲಿ ಅವರು ಬರೆದ ಹಾಗೆಯೇ ಉಳಿಯಿತು. ಹುಡುಕಲು ಬೇಕಾದ ರೂಪ ಮೂರನೆಯದರಲ್ಲಿ ಬಂತು. ಅಂಗಡಿಯ "ಮಳಿಗೆ"ಗೆ ಮೂಲ ರೂಪವೂ ಮಳಿಗೆಯೇ.

ಮಳೆಯ ನಕ್ಷತ್ರಗಳ ಹೆಸರು ಎಲ್ಲವೂ ಪ್ರೊಪ್‌ಎನ್. ರೋಣಿ, ಮಿರಗ, ಆರಿದ್ರಿ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ, ಸ್ವಾತಿ. "ರೋಣಿ ಮಳಿ ಆದ್ರ ಓಣಿ ತುಂಬ ಜ್ವಾಳ" ಅಂತ ನಮ್ಮ ಕಡೆ ಗಾದೆಯೇ ಇದೆ. ಮೂಲ ರೂಪದಲ್ಲಿ ರೋಣಿಗೆ "ರೋಹಿಣಿ", ಮಿರಗಕ್ಕೆ "ಮೃಗಶಿರ" ಅಂತ ಕೊಟ್ಟೆ. ಇದರಿಂದ ಮುಂದೆ ತುಂಬಾ ಉಪಯೋಗವಾಯಿತು.

"ಬಿದ್ದ ಮಳಿ" ಅನ್ನುವಲ್ಲಿ "ಬಿದ್ದ" ಏನು? ಕೃದಂತ. ಮಳೆಗೆ ವಿಶೇಷಣವಾಗಿ ನಿಂತಿದೆ, ಎಡಿಜೆ ಅನ್ನಬಹುದು. ನಾನು ವರ್ಬ್ ಅಂದೆ. ನನ್ನ ಪ್ರಶ್ನೆಯೇ ಕ್ರಿಯಾಪದದ ಬಗ್ಗೆ, ಬೀಳು ಅನ್ನುವುದು ಅಲ್ಲಿ ಲೆಕ್ಕಕ್ಕೆ ಸಿಗಬೇಕು. "ಇಲ್ಲ" ಒಂಟಿಯಾಗಿ ಬಂದರೆ, "ಇವತ್ತೂ ಮಳಿ ಇಲ್ಲ" ಅನ್ನುವ ಹಾಗೆ, ಅದೇ ವರ್ಬ್. "ಆಗಲಿಲ್ಲ" ಅಂತ ಕೂಡಿ ಬಂದರೆ ಇಡೀ ಪದ ವರ್ಬ್, ಮೂಲ ರೂಪ "ಆಗು". "ಅಂತ" ಅನ್ನುವುದು ಮಾತನ್ನು ಮಾತಿಗೆ ಜೋಡಿಸುವ ಕೊಂಡಿ, ಅದಕ್ಕೆ ಎಸ್‌ಕಾಂಜ್. "ಛಲೋ ಮಳಿ" ಅಂದರೆ ಎಡಿಜೆ, "ಛಲೋ ಆತು" ಅಂದರೆ ಎಡಿವಿ. "ಜಿಟಿಜಿಟಿ" ಅನುಕರಣಾವ್ಯಯ. ಅದಕ್ಕಾಗಿ ಬೇರೆ ಟ್ಯಾಗ್ ಇಲ್ಲ, ಎಡಿವಿಯಲ್ಲಿ ಸೇರಿಸಿದೆ.

ಇವುಗಳಲ್ಲಿ ನಿಮ್ಮ ತೀರ್ಮಾನ ಬೇರೆ ಇರಬಹುದು. ಇರಲಿ. ಆದರೆ ತೀರ್ಮಾನ ಮಾಡಿದ ಕೂಡಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸೋಮವಾರ ಒಂದು ಥರ, ಶುಕ್ರವಾರ ಇನ್ನೊಂದು ಥರ ಟ್ಯಾಗ್ ಹಾಕಿದರೆ ಟೂಲ್ ಏನು ಕಲಿಯಬೇಕು?

ಫೈಲಿನ ಅಚ್ಚು

ಟೂಲಿಗೆ ಕೊಡುವ ಫೈಲಿನಲ್ಲಿ ಪದಕ್ಕೊಂದು ಸಾಲು, ಸಾಲಿಗೆ ಹತ್ತು ಕಾಲಂ, ಕಾಲಂಗಳ ನಡುವೆ ಟ್ಯಾಬ್. ಒಂದನೆಯದು ವಾಕ್ಯದೊಳಗೆ ಪದದ ಸಂಖ್ಯೆ, ಎರಡನೆಯದು ಪದ, ಮೂರನೆಯದು ಮೂಲ ರೂಪ, ನಾಲ್ಕನೆಯದು ಟ್ಯಾಗ್. ಉಳಿದ ಆರಕ್ಕೂ ಒಂದೊಂದು ಅಂಡರ್‌ಸ್ಕೋರ್ ಹಾಕಿದರೆ ನಮ್ಮ ಕೆಲಸಕ್ಕೆ ಸಾಕು. ವಾಕ್ಯ ಮುಗಿದ ಮೇಲೆ ಒಂದು ಖಾಲಿ ಸಾಲು. ಕೊನೆಯ ವಾಕ್ಯದ ನಂತರವೂ ಖಾಲಿ ಸಾಲು ಇರಬೇಕು. ಈ ಅಚ್ಚಿಗೆ ಕಾನ್ಲ್-ಯು ಅನ್ನುತ್ತಾರೆ.

ನಾನು ಇದನ್ನು ಲಿಬ್ರೆ ಆಫೀಸಿನ ಕ್ಯಾಲ್ಕ್‌ನಲ್ಲಿ ಮಾಡಿದೆ. ಕಾಲಂಗಳು ಕಣ್ಣ ಮುಂದೆ ಇರುತ್ತವೆ, ಒಮ್ಮೆ ಹಾಕಿದ ಟ್ಯಾಗ್ ಮುಂದಿನ ಸಲ ತಾನೇ ತುಂಬಿಕೊಳ್ಳುತ್ತದೆ. ಉಳಿಸುವಾಗ ಸಿಎಸ್‌ವಿ ಆರಿಸಿ, ಕಾಲಂ ಬಿಡಿಸುವ ಗುರುತು ಟ್ಯಾಬ್ ಅಂತ ಕೊಡಿ, ಉದ್ಧರಣ ಚಿಹ್ನೆಯ ಪೆಟ್ಟಿಗೆಯನ್ನು ಖಾಲಿ ಬಿಡಿ. ಇಲ್ಲಿ ನಾನು ಎರಡು ವಾರ ಕಳೆದುಕೊಂಡೆ, ನಿಮಗೆ ಹಾಗೆ ಆಗಬಾರದು. ಮೊದಲ ಸಲ ಒಂದು ಎಡಿಟರಿನಲ್ಲಿ ತೆರೆದು ಉಳಿಸಿದಾಗ ಅದು ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿಬಿಟ್ಟಿತು. ಹತ್ತು ಕಾಲಂ ಇಲ್ಲ ಅಂತ ಟೂಲ್ ಹೇಳುತ್ತಿತ್ತು, ನನ್ನ ಕಣ್ಣಿಗೆ ಹತ್ತೂ ಕಾಣುತ್ತಿದ್ದವು. ಅದು ಸರಿಯಾದ ಮೇಲೆ ಇನ್ನೊಂದು. ಕ್ಯಾಲ್ಕ್‌ನಲ್ಲಿ ಖಾಲಿ ಸಾಲು ಅಂತ ನಾವು ಅಂದುಕೊಳ್ಳುವುದು ಫೈಲಿಗೆ ಬಂದಾಗ ಖಾಲಿ ಇರುವುದಿಲ್ಲ. ಅದರಲ್ಲಿ ಒಂಬತ್ತು ಟ್ಯಾಬ್‌ಗಳು ಕೂತಿರುತ್ತವೆ. ಬರೀ ಟ್ಯಾಬ್ ಇರುವ ಸಾಲುಗಳನ್ನು ಹುಡುಕಿ ನಿಜವಾಗಿ ಖಾಲಿ ಮಾಡಬೇಕು. ಫೈಲಿನ ಸಾಲುಗಳನ್ನು ತಿದ್ದುವ ಸೆಡ್ ಕಮಾಂಡಿಗೆ ಒಂದೇ ಸಾಲಿನ ಕೆಲಸ ಅದು. ಉಳಿಸುವ ಪ್ರತಿ ಸಲವೂ ಮಾಡಿ.

360 ವಾಕ್ಯಕ್ಕೆ ಟ್ಯಾಗ್ ಹಾಕಿದ ಮೇಲೆ ಅದರಲ್ಲಿ 60ನ್ನು ಬೇರೆ ತೆಗೆದು "ಪರೀಕ್ಷೆ" ಅನ್ನುವ ಫೈಲಿನಲ್ಲಿಟ್ಟೆ. ಕೊನೆಯ 60 ಅಲ್ಲ, ಆರಕ್ಕೊಂದರಂತೆ ಹೆಕ್ಕಿದ 60. ಮುಂಗಾರಿನ ಮಾತು, ಸುಗ್ಗಿಯ ಮಾತು ಎರಡೂ ಅದರಲ್ಲಿ ಇರಬೇಕು. ಉಳಿದ 300 "ಕಲಿಕೆ".

ಕಲಿಸುವ ಮುಂಚೆ ನಿಮ್ಮ ಟ್ಯಾಗ್‌ಗಳನ್ನು ನೀವೇ ಒಮ್ಮೆ ತನಿಖೆ ಮಾಡಿ. ಎರಡನೇ ಮತ್ತು ನಾಲ್ಕನೇ ಕಾಲಂ ಮಾತ್ರ ಕತ್ತರಿಸಿ, ವಿಂಗಡಿಸಿ, ಎಣಿಸಿದರೆ ಒಂದೇ ಪದಕ್ಕೆ ಎರಡು ಟ್ಯಾಗ್ ಇರುವುದೆಲ್ಲ ಅಕ್ಕಪಕ್ಕ ಬಂದು ನಿಲ್ಲುತ್ತವೆ:

ಕಟ್ -ಎಫ್2,4 ಕಲಿಕೆ | ಎಲ್‌ಸಿ_ಆಲ್=ಸಿ ಸಾರ್ಟ್ | ಎಲ್‌ಸಿ_ಆಲ್=ಸಿ ಯುನಿಕ್ -ಸಿ

ನಡುವಿನ ಎಲ್‌ಸಿ_ಆಲ್ ದೊಡ್ಡಕ್ಷರ, ಅದರ ಮುಂದಿನ ಸಿ ಕೂಡ. ಅದಿದ್ದರೆ ಕನ್ನಡ ಪದಗಳನ್ನು ಸಂಕೇತದ ಕ್ರಮದಲ್ಲಿ ಜೋಡಿಸುತ್ತದೆ. ಯೂನಿಕೋಡಿನಲ್ಲಿ ಅದು ಹೆಚ್ಚುಕಡಿಮೆ ನಮ್ಮ ಅಕಾರಾದಿಯೇ. ಬೇರೆ ಬೇರೆ ಪದಗಳನ್ನು ಒಂದೇ ಅಂತ ಎಣಿಸುವ ಅಪಾಯವೂ ಇರುವುದಿಲ್ಲ. "ಮ್ಯಾಲೆ" ಅನ್ನುವ ಪದಕ್ಕೆ ನಾನು ಮೂರು ಬೇರೆ ಟ್ಯಾಗ್ ಹಾಕಿದ್ದೆ ಅಂತ ತಿಳಿದದ್ದು ಈ ಸಾಲಿನಿಂದ. ಅದರಲ್ಲಿ ಎರಡು ಸರಿ. "ಹೊಲದ ಮ್ಯಾಲೆ" ಎಡಿಪಿ, "ಮ್ಯಾಲೆ ನೋಡಿದೆ" ಎಡಿವಿ. ಮೂರನೆಯದು ನಿದ್ದೆಗಣ್ಣಿನ ತಪ್ಪು.

ಕಲಿಸುವುದು, ಓಡಿಸುವುದು

./ಯುಡಿಪೈಪ್ --ಟ್ರೈನ್ --ಟೋಕನೈಸರ್=ನನ್ --ಪಾರ್ಸರ್=ನನ್ ಅಪ್ಪ.ಮಾದರಿ ಕಲಿಕೆ

ಅಪ್ಪ.ಮಾದರಿ ಅನ್ನುವುದು ಹೊಸ ಮಾಡೆಲ್ ಫೈಲಿಗೆ ನಾನು ಕೊಟ್ಟ ಹೆಸರು. "ನನ್" ಅಂದರೆ ಅದು ಬೇಡ ಅಂತ. ಟೋಕನೈಸರ್ ಪದ ಬಿಡಿಸುವುದಕ್ಕೆ, ಅದನ್ನು ನಾವೇ ಮಾಡಿಯಾಗಿದೆ. ಪಾರ್ಸರ್ ವಾಕ್ಯದೊಳಗಿನ ಸಂಬಂಧ ಕಲಿಯುವುದಕ್ಕೆ, ಅದೂ ಬೇಡ. ಉಳಿಯುವುದು ಟ್ಯಾಗರ್ ಒಂದೇ. ಅದು 20 ಸುತ್ತು ಓದುತ್ತದೆ. 300 ವಾಕ್ಯಕ್ಕೆ ನನ್ನ ಲ್ಯಾಪ್‌ಟಾಪಿನಲ್ಲಿ ಚಹಾ ಕುದಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಅದು ಒಳಗೆ ಏನು ಮಾಡುತ್ತದೆ ಅನ್ನುವುದನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ನೋಡದ ಪದ ಬಂದಾಗ ಅದರ ಕೊನೆಯ ನಾಲ್ಕು ಅಕ್ಷರ ನೋಡಿ ಊಹೆ ಮಾಡುತ್ತದೆ, ಆಮೇಲೆ ಅಕ್ಕಪಕ್ಕದ ಪದ ನೋಡಿ ಒಂದನ್ನು ಆರಿಸುತ್ತದೆ. ಕನ್ನಡಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ನಮ್ಮ ಪ್ರತ್ಯಯಗಳೆಲ್ಲ ಪದದ ಕೊನೆಯಲ್ಲೇ ಇವೆ. "ದಿವಿ" ಅಂತ ಮುಗಿದರೆ ಬಿತ್ತಿದಿವಿ, ಹರಗಿದಿವಿ, ಕೊಯ್ದಿವಿ, ಎಲ್ಲ ಕ್ರಿಯಾಪದ. ಒಂದು ಹೊಸ ಧಾತು ಬಂದರೂ ಟೂಲ್ ಹಿಡಿಯುತ್ತದೆ. ಆದರೆ ಕಂಪ್ಯೂಟರಿನ ಅಕ್ಷರ ನಮ್ಮ ಅಕ್ಷರ ಅಲ್ಲ. "ಲ್ಲಿ" ಅನ್ನುವುದು ನಮಗೆ ಒಂದು, ಅದಕ್ಕೆ ನಾಲ್ಕು: ಲ, ಹಲಂತದ ಗುರುತು, ಮತ್ತೆ ಲ, ಗುಡಿಸು. ಅಂದರೆ "ಮನೆಯಲ್ಲಿ" ಅನ್ನುವುದರಲ್ಲಿ ಅದಕ್ಕೆ ಕಾಣುವುದು ಬರೀ "ಲ್ಲಿ". "ಅಲ್ಲಿ", "ಇಲ್ಲಿ" ಕೂಡ ಹಾಗೇ ಮುಗಿಯುತ್ತವೆ. ಅದಕ್ಕೇ ನೋಟವನ್ನು ಆರಕ್ಕೆ ಹಿಗ್ಗಿಸಿದೆ. ಟ್ರೈನ್ ಸಾಲಿನಲ್ಲಿ ಮಾಡೆಲ್ ಹೆಸರಿಗೆ ಮುಂಚೆ ಇದನ್ನು ಸೇರಿಸಬೇಕು:

--ಟ್ಯಾಗರ್=ಗೆಸರ್_ಸಫಿಕ್ಸ್_ಲೆನ್=6

ಕಲಿತದ್ದು ಎಷ್ಟು ಅಂತ ನೋಡಲು:

./ಯುಡಿಪೈಪ್ --ಅಕ್ಯುರಸಿ --ಟ್ಯಾಗ್ ಅಪ್ಪ.ಮಾದರಿ ಪರೀಕ್ಷೆ

ಟ್ಯಾಗ್ ಎಷ್ಟು ಶೇಕಡಾ ಸರಿ, ಮೂಲ ರೂಪ ಎಷ್ಟು ಶೇಕಡಾ ಸರಿ ಅಂತ ಬೇರೆ ಬೇರೆಯಾಗಿ ತೋರಿಸುತ್ತದೆ. ಮೊದಲ ಸಲ ನನ್ನದು ಹತ್ತರಲ್ಲಿ ಎಂಟು ಟ್ಯಾಗ್ ಸರಿ ಇತ್ತು. ಮೂಲ ರೂಪ ಇನ್ನೂ ಕಡಿಮೆ. ಬೇಸರ ಮಾಡಿಕೊಳ್ಳಬೇಡಿ, ಇಲ್ಲಿಂದ ಕೆಲಸ ಹಗುರವಾಗುತ್ತದೆ. ಇನ್ನೊಂದು ನೂರು ವಾಕ್ಯಕ್ಕೆ ಟೂಲಿನ ಕೈಲೇ ಟ್ಯಾಗ್ ಹಾಕಿಸಿ, ತಪ್ಪಿದ್ದನ್ನು ಮಾತ್ರ ತಿದ್ದಿ, ಅದನ್ನೂ "ಕಲಿಕೆ"ಗೆ ಸೇರಿಸಿ, ಮತ್ತೆ ಟ್ರೈನ್ ಮಾಡಿ. ಖಾಲಿ ಕಾಲಂ ತುಂಬುವುದಕ್ಕಿಂತ ತಿದ್ದುವುದು ಬೇಗ ಆಗುತ್ತದೆ. ನಾನು ಹೀಗೆ ಮೂರು ಸುತ್ತು ಮಾಡಿ 600 ಮುಟ್ಟಿದೆ. ಅಷ್ಟರಲ್ಲಿ ನಕ್ಷತ್ರದ ಹೆಸರುಗಳು, ಬೇಸಾಯದ ಕ್ರಿಯಾಪದಗಳು ಬಹುತೇಕ ತಪ್ಪುತ್ತಿರಲಿಲ್ಲ. ಕೊನೆಯವರೆಗೂ ಕಾಡಿದ್ದು ಬಿತ್ತು ಒಂದೇ. "ಪರೀಕ್ಷೆ"ಯ 60 ವಾಕ್ಯಗಳನ್ನು ಮಾತ್ರ ಎಂದಿಗೂ "ಕಲಿಕೆ"ಗೆ ಸೇರಿಸಬೇಡಿ. ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಪರೀಕ್ಷೆ ಮಾಡಿದ ಹಾಗಾಗುತ್ತದೆ.

ಆಮೇಲೆ ಎಲ್ಲ ಪುಸ್ತಕಗಳಿಗೂ (ಅವುಗಳ ಹಸನಾದ ವಾಕ್ಯಗಳು "ಎಲ್ಲ-ಸಾಲು" ಅನ್ನುವ ಫೈಲಿನಲ್ಲಿವೆ):

./ಯುಡಿಪೈಪ್ --ಟ್ಯಾಗ್ --ಇನ್‌ಪುಟ್=ಹಾರಿಜಾಂಟಲ್ ಅಪ್ಪ.ಮಾದರಿ ಎಲ್ಲ-ಸಾಲು > ಫಲ

ಹಾರಿಜಾಂಟಲ್ ಅಂದರೆ ಸಾಲಿಗೊಂದು ವಾಕ್ಯ, ಸ್ಪೇಸಿನಿಂದ ಬಿಡಿಸಿದ ಪದಗಳು ಅಂತ. ಫಲವನ್ನು ಟರ್ಮಿನಲ್‌ನಲ್ಲೇ ನೋಡಿ ಗಾಬರಿಯಾಗಬೇಡಿ. ಅನೇಕ ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಕೂಡುವುದಿಲ್ಲ, ಗುಣಿತ ಬೇರೆ ಕಡೆ ಹೋಗಿ ಕೂರುತ್ತದೆ. ಫೈಲ್ ಒಳಗೆ ಸರಿಯಾಗಿಯೇ ಇರುತ್ತದೆ. ಎಡಿಟರಿನಲ್ಲಿ ತೆರೆದು ನೋಡಿ.

ಎಣಿಸುವುದು

ಈಗ "ಫಲ"ದಲ್ಲಿ ಮೂರನೇ ಕಾಲಂ ಮಳೆ, ನಾಲ್ಕನೇ ಕಾಲಂ ನೌನ್ ಇರುವ ಸಾಲು ಹುಡುಕಬೇಕು. ಅದರ ಮುಂದಿನ ಮೂರು ಸಾಲುಗಳಲ್ಲಿ ವರ್ಬ್ ಇದ್ದರೆ ಅದರ ಮೂಲ ರೂಪ ತೆಗೆಯಬೇಕು. ಗ್ರೆಪ್ ಕಮಾಂಡಿಗೆ ದೊಡ್ಡಕ್ಷರದ ಎ ಮತ್ತು 3 ಕೊಟ್ಟರೆ ಸಿಕ್ಕ ಸಾಲಿನ ಜೊತೆ ಮುಂದಿನ ಮೂರನ್ನೂ ಕೊಡುತ್ತದೆ. ಅದನ್ನು ಆಕ್ ಕಮಾಂಡಿಗೆ ಕೊಟ್ಟು, ನಾಲ್ಕನೇ ಕಾಲಂ ವರ್ಬ್ ಆಗಿದ್ದರೆ ಮೂರನೆಯದನ್ನು ಬರೆ ಅನ್ನಬೇಕು. ಕೊನೆಗೆ ಮೇಲೆ ಹೇಳಿದ ಸಾರ್ಟ್ ಮತ್ತು ಯುನಿಕ್. "ಬಂತು ನೋಡು ಮಳಿ" ಅಂತ ಮಳೆ ಕೊನೆಗೆ ಬಂದ ವಾಕ್ಯಗಳು ಇದರಲ್ಲಿ ಸಿಗುವುದಿಲ್ಲ. ಅವು ಕಡಿಮೆ ಇದ್ದವು, ಬೇರೆಯಾಗಿ ಹುಡುಕಿ ಕೈಯಲ್ಲೇ ಎಣಿಸಿದೆ.

ಅವ್ವ ಹೇಳಿದ್ದು ಸರಿ ಇತ್ತು. "ಆಗು" ಎಲ್ಲಕ್ಕಿಂತ ಮೇಲೆ. ಆಮೇಲೆ ಹೊಡೆ, ಬೀಳು, ಹಿಡಿ, ಹನಿ. "ಬರು" ಇತ್ತು, ಆದರೆ ಬಹಳ ಕೆಳಗೆ. ತೆರೆದು ನೋಡಿದರೆ ಅದರಲ್ಲಿ ಹೆಚ್ಚಿನವು ಅಪ್ಪ ಬೇರೆಯವರ ಮಾತನ್ನು ಬರೆದ ವಾಕ್ಯಗಳು. "ಮಳಿ ಬರ್ತದ ಅಂತ ರೇಡಿಯೋದಾಗ ಹೇಳಿದ್ರು", ಹೀಗೆ.

ಪಟ್ಟಿಯ ನಡುವೆ "ಕೊಡು" ಅಂತ ಒಂದಿತ್ತು. ಮಳೆ ಏನು ಕೊಡುತ್ತದೆ? ಟೂಲಿನ ತಪ್ಪಿರಬೇಕು ಅಂದುಕೊಂಡೆ. ಆ ವಾಕ್ಯಗಳನ್ನೆಲ್ಲ ತೆಗೆದೆ. ಟ್ಯಾಗ್ ಸರಿಯಾಗಿಯೇ ಇತ್ತು. "ಹುಬ್ಬಿ ಮಳಿ ಕೈ ಕೊಡ್ತು." "ಉತ್ತರಿ ಮಳಿನೂ ಕೈ ಕೊಡ್ತು." ಮಳೆ ಮತ್ತು ಕೊಡು ನಡುವೆ "ಕೈ" ಇದ್ದದ್ದರಿಂದ ಪಟ್ಟಿಯಲ್ಲಿ ಬರೀ ಕೊಡು ಕಂಡಿತ್ತು. ನಿಮ್ಮ ಪಟ್ಟಿಯಲ್ಲೂ ಹೀಗೆ ಹೊಂದದ ಪದ ಕಂಡರೆ ಅಳಿಸುವ ಮುಂಚೆ ಮೂಲ ವಾಕ್ಯ ತೆಗೆದು ನೋಡಿ. ಎರಡು ಪದ ಸೇರಿ ಒಂದು ಅರ್ಥ ಕೊಡುವುದು ಕನ್ನಡದಲ್ಲಿ ಬಹಳ, ಈ ಟೂಲ್ ಅದನ್ನು ಒಂದಾಗಿ ಹಿಡಿಯುವುದಿಲ್ಲ.

ನಕ್ಷತ್ರಗಳ ಮೂಲ ರೂಪ ಇದ್ದದ್ದರಿಂದ ಯಾವ ಮಳೆ ಎಷ್ಟು ಸಲ ಕೈ ಕೊಟ್ಟಿದೆ ಅಂತಲೂ ಎಣಿಸಲು ಬಂತು. ವರ್ಷದ ಪ್ರಕಾರ ನೋಡಿದರೆ ಕೊನೆಯ ಎರಡು ಪುಸ್ತಕಗಳಲ್ಲೇ ಅರ್ಧಕ್ಕಿಂತ ಜಾಸ್ತಿ. ಅವು 2001ರಿಂದ 2003ರವರೆಗಿನವು. ಕರ್ನಾಟಕದಲ್ಲಿ ಒಂದರ ಹಿಂದೆ ಒಂದು ಬರ ಬಂದ ವರ್ಷಗಳು. ಅಪ್ಪ ಬರವಣಿಗೆ ನಿಲ್ಲಿಸಿದ್ದೂ ಆಗಲೇ. ಕೊನೆಯ ಪುಟದಲ್ಲಿ "ಆಗು" ಒಂದು ಸಲವೂ ಇಲ್ಲ. ಅವ್ವನಿಗೆ ಆ ಪಟ್ಟಿ ಓದಿ ಹೇಳಿದೆ. ಅವಳು ಮೂರು ಹೊಸ ಪದ ಹೇಳಿದಳು, ಅಪ್ಪ ಆಡುತ್ತಿದ್ದರು ಆದರೆ ಎಂದೂ ಬರೆದಿರಲಿಲ್ಲ ಅಂತ. ಈಗ ಅವಳು ಮಾತಾಡುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಟೈಪ್ ಮಾಡುತ್ತಿದ್ದೇನೆ. ಅದಕ್ಕೆ ಓಡಿಸುತ್ತಿರುವುದೂ ಇದೇ ಅಪ್ಪ.ಮಾದರಿ.